ಬೆಲ್ಲ ಕೊಡದ ಮರುಗೈ

ನಮ್ಮೂರಿನಲ್ಲಿ ಒಂದೇ ಒಂದು ಇರುವ ವಸ್ತು ಕೆಲಸ ಮಾಡುವುದಿಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಹಾಗೆಯೇ ಮತ್ತೊಂದನ್ನು ಮಾಡಬೇಕು, ಎರಡೂ ಊರ ಅಗಸಿ ಬಾಗಿಲಿನ ಒಳಗಿರಬೇಕು, ಆಗ ಎರಡಕ್ಕೂ ಜೀವ ಬರುತ್ತದೆ. ಮಾಡಿದವರೇ ಕಳ್ಳಾಟ ಆಡಿ ಎರಡು ಮಾಡಿಟ್ಟುಕೊಂಡರೆ ಎರಡೂ ಹೆಣ. ಹಿಂದಿನ ಓಣಿಯ ತುಳಸಕ್ಕ ಹುಣಸೆ ಚಿಗುರಿನ ಹೊಸ ಸಾರು ಕಂಡುಹಿಡಿದಳು. ಉಪ್ಪಿತ್ತು, ಖಾರವಿತ್ತು, ಬಾಯಿಗೆ ಹಾಕಿಕೊಂಡರೆ ಮಾತ್ರ ಕಾಯಿಸಿದ ನೀರು. ಪಕ್ಕದ ಮನೆಯವಳ ಜೊತೆ ಆಕೆಗೆ ಮಾತಿರಲಿಲ್ಲ. ಆದರೂ ಗೋಡೆಯ ಮೇಲಿಂದ ಬಟ್ಟಲು ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು, ಯಾವುದೆಷ್ಟು ಹಾಕಬೇಕೆಂದು ಕಾಗೆಗೆ ಹೇಳುವಂತೆ ಹೇಳಿದಳು. ಆ ಕಡೆಯ ಒಲೆಯಲ್ಲಿ ಸಾರು ಕುದಿಯುತ್ತಿದ್ದಂತೆ ಈ ಕಡೆಯ ಬಟ್ಟಲಿಗೆ ರುಚಿ ಬಂತು. ಜಗಳ ಇದ್ದರೆ ಇರಲಿ, ಉಣ್ಣಬೇಕಲ್ಲ.

ಕಂಬಾರ ಮೌನೇಶ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲದ ಬೀಗವೊಂದನ್ನು ಮಾಡಿದ. ಅದು ಹಾಕಿಕೊಳ್ಳಲು ಶುರುವಾಗಿದ್ದು ಕೆಳಗಿನ ಓಣಿಯವರು ಅಂಥದೇ ಇನ್ನೊಂದು ಮಾಡಿದ ಮೇಲೆ. ಅಷ್ಟರಲ್ಲಿ ಅದರ ಕೀಲಿ ಊರಿಗೆಲ್ಲ ಗೊತ್ತಾಗಿತ್ತು. ಕಲ್ಲುಖಣಿಯ ಧಣಿ ಪರದೇಶದಲ್ಲಿ ತನಗೊಬ್ಬನಿಗೇ ಎಂದು ಹೇಳಿ ಕಾರು ಕಟ್ಟಿಸಿಕೊಂಡು ಬಂದಾಗ ಅದು ಅಗಸಿ ದಾಟಿದ್ದೇ ನಿಂತುಬಿಟ್ಟಿತು. ನಾವೆಲ್ಲ ಹೋ ಎಂದು ನಗುತ್ತ ಹಿಂದಕ್ಕೆ ನೂಕಿದೆವು. ಧಣಿ ಒಳಗೆ ಕಪ್ಪು ಕನ್ನಡಕ ಹಾಕಿಕೊಂಡೇ ಕುಳಿತಿದ್ದ. ಈಗಲೂ ಆತ ಅಗಸಿಯಲ್ಲಿ ಇಳಿದು ಯಾರದಾದರೂ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು ಊರೊಳಗೆ ಬರುತ್ತಾನೆ. ಸೈಕಲ್ಲಿಗೇನೂ ತೊಂದರೆಯಿಲ್ಲ, ಅದನ್ನು ಲೋಕದಲ್ಲಿ ಮಾಡದ ಕೈಯಿಲ್ಲ. ನಮ್ಮ ಶಾಲೆಯಲ್ಲಂತೂ ಪಕ್ಕದವನ ಪಾಟಿ ನೋಡದೆ ಉತ್ತರ ಬರೆದ ಹುಡುಗರನ್ನು ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. "ಯಾಕಲೇ, ಅಷ್ಟು ಸೊಕ್ಕ ಬಂತ ನಿನಗ?"

ಎರಡನೆಯದನ್ನು ಮಾಡುವವರಿಗೆ ನಮ್ಮಲ್ಲಿ ಮರುಗೈ ಎನ್ನುತ್ತಾರೆ. ಮರುಗೈ ಆಗಬೇಕೆಂದವರು ಒಂದು ಅಚ್ಚು ಬೆಲ್ಲ, ಒಂದು ಸೆರಗಿನ ತುಂಬ ಚುರುಮುರಿ ತಂದು, ಮಾಡಿದವರ ಹೊಸ್ತಿಲಲ್ಲಿ ನಿಂತು, ನಾಲ್ಕು ಜನ ಕೇಳುವಂತೆ "ನಿನ್ನ ಕೈಯೇ ನನ್ನ ಕೈ" ಎನ್ನಬೇಕು. ಆಮೇಲೆ ಮಾಡಿದವರು ಒಂದು ಮೊಳೆಯನ್ನೂ ಮುಚ್ಚಿಡದೆ ತೋರಿಸುತ್ತಾರೆ. ಮುಚ್ಚಿಟ್ಟರೆ ಹಾಳಾಗುವುದು ತಮ್ಮದೇ. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಎಷ್ಟು ಹೊಲ ಎಂದು ಕೇಳುವ ಮುಂಚೆ, ಯಾರ್ಯಾರಿಗೆ ಮರುಗೈ ಆಗಿದ್ದಾನೆ ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ.

ನಾನು ಭರಮಪ್ಪ. ಸ್ಟವ್ ರಿಪೇರಿ ನನ್ನ ಕಸುಬು. ಪಕ್ಕದ ಮನೆಯ ಹುಸೇನಬಿ ಚಿಗವ್ವನಿಗೆ ನಾನೇ ಮರುಗೈ. ಆಕೆಯ ಗಂಡ ನಾಟಕ ಕಂಪನಿಗಳ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಆತ ತೀರಿಕೊಂಡ ಮೇಲೆ ಮನೆಯ ತುಂಬ ಉಳಿದ ಹರಿದ ಗಾಳಿತಿದಿ, ಮುರಿದ ಕೀಲಿಮಣೆ, ಹಿತ್ತಾಳೆಯ ಸ್ವರಪಟ್ಟಿಗಳ ನಡುವೆ ಕುಳಿತು ಆಕೆ ಕೌದಿ ಹೊಲಿಯುತ್ತಿದ್ದಳು. ಕೌದಿ ಹೊಲಿದು ಬೇಸರ ಬಂದಾಗ ಏನಾದರೊಂದು ಹುಟ್ಟಿಸುತ್ತಿದ್ದಳು. ಅದು ಸತ್ತುಬಿದ್ದಿರುತ್ತಿತ್ತು. ಗೋಡೆಯಾಚೆಯಿಂದ ಕೂಗು ಬರುತ್ತಿತ್ತು. "ಏ ಭರಮಾ, ಬೆಲ್ಲ ತಗೊಂಡು ಬಾರೊ, ಇಲ್ಲೊಂದು ಹೆಣ ಬಿದ್ದೈತಿ."

ಉಸಿರುಪೇಟಿ ಹುಟ್ಟಿದ್ದು ನಮ್ಮ ಅಕ್ಕ ದ್ಯಾಮವ್ವನ ಸಲುವಾಗಿ. ನಮ್ಮೂರು ಫರಸಿ ಕಲ್ಲಿನ ಊರು. ಇಲ್ಲಿ ಸೀಳಿದ ಕಲ್ಲು ಹಡಗು ಹತ್ತಿ ಹೋಗಿ ಯಾವ್ಯಾವುದೋ ದೇಶದ ಚೌಕಗಳಲ್ಲಿ ಹಾಸಿಕೊಂಡು ಬಿಸಿಲು ಕಾಯಿಸುತ್ತದೆ. ಧೂಳಿಗೆ ಹಡಗಿನ ಟಿಕೀಟು ಸಿಗಲಿಲ್ಲ, ಅದು ಇಲ್ಲೇ ನಮ್ಮ ಎದೆಗಳಲ್ಲಿ ಉಳಿಯಿತು. ಅಕ್ಕ ಲಂಗ ಉಡುವ ವಯಸ್ಸಿನಿಂದ ಉಳಿ ಹಿಡಿದವಳು. ಖಣಿ ಕಾರ್ಮಿಕರ ಸಂಘದ ತಗಡಿನ ಶೆಡ್ಡಿನಲ್ಲಿ ವಾರಕ್ಕೊಮ್ಮೆ ನಡೆಯುವ ಓದುಕೂಟದಲ್ಲಿ ಅಕ್ಷರ ಕಲಿತಳು. ಕಲಿತ ಮೇಲೆ ಪುಸ್ತಕವನ್ನು ಬೇರೆಯವರ ಕೈಗೆ ಕೊಡಲಿಲ್ಲ, ತಾನೇ ಎಲ್ಲರಿಗೂ ಓದಿ ಹೇಳುವವಳಾದಳು. ಎದೆಗೆ ಧೂಳು ಇಳಿದ ಮೇಲೂ ಬಿಡಲಿಲ್ಲ. ಎರಡು ಪದ ಓದುವಳು, ನಿಲ್ಲುವಳು, ಶಿಳ್ಳೆಯಂಥ ಉಸಿರೆಳೆಯುವಳು, ಮತ್ತೆರಡು ಪದ. ಆಕೆಯ ಉಸಿರು ನಿಂತಲ್ಲೇ ನಮಗೆಲ್ಲ ಪೂರ್ಣವಿರಾಮ. ಆ ನಿಲ್ಲುವಿಕೆ ವಾರ ವಾರಕ್ಕೂ ಉದ್ದವಾಗುತ್ತ ಹೋಯಿತು.

ಸರ್ಕಾರಿ ದವಾಖಾನೆಯಲ್ಲಿ ಉಸಿರಾಟದ ಯಂತ್ರ ಇರಲಿಲ್ಲ ಎಂದೇನಲ್ಲ. ಸಪ್ತಸಾಗರ ಅಭಿವೃದ್ಧಿ ನಿಧಿ ಎಂಬುವರು ಹೂವಿನ ಹಾರ ಹಾಕಿ ಒಂದನ್ನು ದಾನ ಕೊಟ್ಟುಹೋಗಿದ್ದರು. ಅದನ್ನು ಮಾಡುವ ಹಕ್ಕು ಪ್ರಪಂಚದಲ್ಲಿ ಒಂದೇ ಒಂದು ಕಂಪನಿಗೆ. ಹಾಗಾಗಿ ನಮ್ಮ ಅಗಸಿಯೊಳಗೆ ಅದು ಬಂದಂದೇ ಸತ್ತಿತು. ಮರುಗೈ ಆಗೋಣವೆಂದು ನಾನು ಸ್ಕ್ರೂಡ್ರೈವರ್ ಹಿಡಿದು ಹೋದೆ. ಅದರ ತಿರುಪುಗಳು ಯಾವ ಸ್ಕ್ರೂಡ್ರೈವರಿಗೂ ಬಗ್ಗುವ ಜಾತಿಯವಲ್ಲ, ಸಾಲದ್ದಕ್ಕೆ, ಬಿಚ್ಚಿದರೆ ಜೈಲು ಎಂದು ಚೀಟಿ ಅಂಟಿಸಿದ್ದರು. ನರ್ಸಮ್ಮ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದಳು. "ಒಳ್ಳೇ ಯಂತ್ರರೀ, ಗಾಳಿಗೆ ಹಾರಂಗಿಲ್ಲ ನೋಡ್ರಿ," ಎನ್ನುವಳು.

ಆಗ ಚಿಗವ್ವ ಹಳೆಯ ಹಾರ್ಮೋನಿಯಂನ ತಿದಿ ತೆಗೆದು, ಹೊಲಿಗೆ ಮಶೀನಿನ ಪೆಡಲ್ಲಿಗೆ ಕಟ್ಟಿ, ಸೈಕಲ್ ಟ್ಯೂಬು ಜೋಡಿಸಿ, ಗಾಳಿ ಹಾಯುವ ದಾರಿಯಲ್ಲಿ ಲಾವಂಚದ ಒದ್ದೆ ಬಟ್ಟೆ ಇಟ್ಟು ಪೇಟಿ ಕಟ್ಟಿದಳು. ಒಬ್ಬರು ಪೆಡಲ್ ತುಳಿದರೆ ಇನ್ನೊಬ್ಬರ ಎದೆಗೆ ತಂಪುಗಾಳಿ. ಒಳಗೆ ಒಂದು ಸ್ವರಪಟ್ಟಿ ಮಾತ್ರ ಹಾಗೇ ಉಳಿದಿತ್ತು. ಆಕೆಯ ಗಂಡ ಬಿಗಿದಿದ್ದ ತಿರುಪು, ತುಕ್ಕು ಹಿಡಿದು ಕಚ್ಚಿಕೊಂಡು, ಏನು ಮಾಡಿದರೂ ಬಿಚ್ಚಲಿಲ್ಲ. "ಬದುಕಿದ್ದಾಗೂ ಹಿಂಗ ಮೊಂಡ ಇದ್ದ," ಎಂದು ಬೈದು ಹಾಗೇ ಬಿಟ್ಟಳು. ನಾನು ಬೆಲ್ಲ ಕೊಟ್ಟು ನನ್ನದನ್ನು ಕಟ್ಟಿದೆ. ನನಗೆ ಸ್ವರಪಟ್ಟಿಯ ಗೊಡವೆ ಬೇಡವೆಂದಿದ್ದಳು, ಇಡಲಿಲ್ಲ. ಕೊನೆಯ ಮೊಳೆ ಬಿದ್ದದ್ದೇ ಎರಡೂ ಪೇಟಿ ಎದ್ದವು. ನನ್ನದು ಬುಸ್ ಎಂದಿತು. ಚಿಗವ್ವನದು ಪ್ರತಿ ಉಸಿರಿಗೂ ಉದ್ದಕ್ಕೆ "ಸಾ" ಎಂದು ಹಾಡಿತು. ಅಕ್ಕ ಕೊಳವೆ ಮೂಗಿಗಿಟ್ಟು ಗಾಳಿ ಎಳೆದುಕೊಂಡು, ಎಷ್ಟೋ ತಿಂಗಳ ಮೇಲೆ ಒಂದು ಇಡೀ ವಾಕ್ಯ ಆಡಿದಳು. "ಚಿಗವ್ವಾ, ನಿನ್ನ ಗಂಡ ಸತ್ತ ಮ್ಯಾಲೆ ಸುರದಾಗ ಹಾಡಾಕ ಕಲ್ತಾನ ನೋಡು, ಬದುಕಿದ್ದಾಗ ಎಂದರ ಇಷ್ಟು ಚಲೋ ಹಾಡಿದ್ದನೇನು?" ಬಿದ್ದು ಬಿದ್ದು ನಕ್ಕೆವು. ಆಮೇಲೆ ಖಣಿ ಓಣಿಯಲ್ಲಿ ಎದೆ ಕೆಟ್ಟವರಿದ್ದ ಮನೆಮನೆಯಲ್ಲೂ ಪೇಟಿ ಎದ್ದವು. ಚಿಗವ್ವನ ಮನೆಯಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿ ನಡೆಯಲು ಜಾಗವಿಲ್ಲದಂತಾಯಿತು.

ನಿಧಿಯ ಸಲಹೆಗಾರ ವಾಮನಮೂರ್ತಿಯವರು ಬಂದದ್ದು ಆಗಲೇ. ದಾನ ಕೊಟ್ಟ ಯಂತ್ರ ಯಾಕೆ ನಡೆಯುತ್ತಿಲ್ಲ ಎಂದು ವಿಚಾರಿಸಲು ಕಂಪನಿಯ ಇಂಜಿನಿಯರನನ್ನೂ ಕರೆದುಕೊಂಡು ರಾಜಧಾನಿಯಿಂದ ಬಂದಿದ್ದರು. ಒಳ್ಳೆಯ ಮನುಷ್ಯ, ಮೆದು ಮಾತು. ನಮ್ಮ ಧೂಳಿಗೆ ಬಂದ ಗಳಿಗೆಯಿಂದಲೇ ಕೆಮ್ಮು. ಟವೆಲ್ ಹೊದ್ದ ಯಂತ್ರವನ್ನು ನೋಡಿ, "ಇಲ್ಲಿ ನಾವೀನ್ಯದ ಮನೋಭಾವ ಬೆಳೆದಿಲ್ಲ, ಅದನ್ನ ಬೆಳೆಸಬೇಕು," ಎಂದು ಇಂಜಿನಿಯರನಿಗೆ ಹೇಳುತ್ತಿರುವಾಗಲೇ ಹೊರಗಿನಿಂದ "ಸಾ" ಕೇಳಿಸಿತು. ಸ್ವರದ ಜಾಡು ಹಿಡಿದು ಇಬ್ಬರೂ ಚಿಗವ್ವನ ಮನೆಗೆ ಬಂದರು. ಇಂಜಿನಿಯರ್ ಮಂಡಿಯೂರಿ ಕುಳಿತ. ಅಳೆದ, ಫೋಟೋ ಹೊಡೆದ, ಮತ್ತೆ ಅಳೆದ. "ಒಮ್ಮೆ ಬಿಚ್ಚಿ ತೋರಿಸ್ತೀರಾ ಅಮ್ಮ?" ಎಂದು ಕೈಮುಗಿದು ಕೇಳಿದ.

ಹೊರಗೆ ಕ್ಷಣದಲ್ಲಿ ಸುದ್ದಿ ಹಬ್ಬಿತು. ಪರದೇಶದ ಮರುಗೈ ಬಂದಾನಂತ! ಬೇರೆ ಊರಿನಲ್ಲಾದರೆ ಇಷ್ಟು ಕೆದಕುವವನನ್ನು ಕಳ್ಳನೆಂದು ಅನುಮಾನಿಸುತ್ತಿದ್ದರೇನೋ. ನಮ್ಮ ತಲೆಯಲ್ಲಿ ಆ ಅನುಮಾನಕ್ಕೆ ಕೋಣೆಯೇ ಇಲ್ಲ. ನೋಡಿ ಮಾಡಲು ಬಂದವನಿಗೆ ತೋರಿಸಬೇಕು, ಅಷ್ಟೇ. ಹಲಗೆ ಬಾರಿಸಿದರು, ಗುಲಾಲು ಹಾರಿಸಿದರು, ಇಂಜಿನಿಯರನ ಬಿಳಿ ಅಂಗಿ ಗುಲಾಬಿಯಾಯಿತು. ಚಿಗವ್ವ ಪೇಟಿಯ ಹೊಟ್ಟೆ ಬಿಚ್ಚಿ ಒಂದೊಂದನ್ನೂ ಕೈಯಲ್ಲಿಟ್ಟು ತೋರಿಸಿದಳು. ಕೊನೆಗೆ ಕೇಳಿದಳು, "ಬೆಲ್ಲ ಯಾವಾಗ ತರ್ತೀರ್ರೀ ಸಾಹೇಬ್ರ?"

ವಾಮನಮೂರ್ತಿ ನಕ್ಕರು. "ಬೆಲ್ಲ ತಾನೇ? ಮುಂದಿನ ಸಲ ಬರೋವಾಗ ಖಂಡಿತ ತರ್ತೀನಿ ತಾಯಿ."

ಮುಂದಿನ ಸಲ ಬರುವಾಗ ಅವರು ಕಾಯಿದೆ ತಂದರು.

ಮಳೆಗಾಲ ಕಳೆದು ಜೋಳ ಹಸಿರಾಗಿದ್ದ ಹೊತ್ತು. ಜೀಪಿನ ಹಿಂದೆ ಒಂದು ಲಾರಿ, ಲಾರಿಯಲ್ಲಿ ಪೊಲೀಸರು. ಹೊಳಪಿನ ಪುಸ್ತಿಕೆಗಳನ್ನು ಹಂಚಿದರು. ಸಂಘದ ಶೆಡ್ಡಿನ ಮುಂದೆ ಊರೆಲ್ಲ ಕೂಡಿತು. ಅಕ್ಕ ನನ್ನ ಪೇಟಿಯ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು, ನಾನು ಪೆಡಲ್ ತುಳಿಯುತ್ತಿದ್ದಂತೆ, ಗಟ್ಟಿಯಾಗಿ ಓದಿದಳು. ಉಸಿರುಪೇಟಿ ಎಂಬ ಸಾಧನವನ್ನು ಕಂಡುಹಿಡಿದದ್ದು ಕಂಪನಿ. ಅದನ್ನು ಮಾಡುವ, ಮಾರುವ, ಬಳಸಲು ಬಿಡುವ ಹಕ್ಕು ಕಂಪನಿಗೆ ಮಾತ್ರ. ಅನುಮತಿಯಿಲ್ಲದೆ ನಕಲು ಮಾಡುವುದು ಶಿಕ್ಷಾರ್ಹ ಅಪರಾಧ.

ಕೊನೆಯ ಮಾತಿಗೆ ಜನ ಗೊಳ್ಳೆಂದು ನಕ್ಕರು. ನಕಲು ಮಾಡುವುದು ಅಪರಾಧ ಎಂದರೆ ನಮ್ಮೂರಿನಲ್ಲಿ, ನೀರು ಕೊಡುವುದು ಅಪರಾಧ ಎಂದ ಹಾಗೆ. ತುಳಸಕ್ಕ ಕಣ್ಣೊರೆಸಿಕೊಳ್ಳುತ್ತ, "ಇನ್ನೊಮ್ಮೆ ಓದ ದ್ಯಾಮವ್ವ, ಮಕ್ಕಳೂ ಕೇಳಲಿ," ಎಂದಳು.

ಅಕ್ಕ ನಗಲಿಲ್ಲ. ಪುಸ್ತಿಕೆ ಮಡಚಿ ವಾಮನಮೂರ್ತಿಯವರ ಕಡೆ ನೋಡಿದಳು. "ಸಾಹೇಬ್ರ, ಈ ಕಾಯಿದೆ ಮಾಡಿದವರು ಯಾರ್ರೀ?"

"ಇದೊಂದು ಮಾದರಿ ಕಾಯಿದೆ ಅಮ್ಮ. ಎಷ್ಟೋ ದೇಶಗಳು ಒಪ್ಪಿಕೊಂಡಿವೆ."

"ಒಪ್ಪಿಕೊಂಡು?"

"ಅಕ್ಷರ ಬಿಡದೆ ಹಾಗೇ ಜಾರಿ ಮಾಡಿವೆ."

"ಅಂದ್ರ ನಕಲು ಹೊಡದಾವ."

ಈ ಸಲದ ನಗೆಗೆ ಶೆಡ್ಡಿನ ತಗಡು ಅದುರಿತು. ವಾಮನಮೂರ್ತಿಯವರ ಕಿವಿ ಕೆಂಪಾಯಿತು. "ಅದು ಬೇರೆ ವಿಷಯ ಅಮ್ಮ, ಅದನ್ನ ಸಮನ್ವಯ ಅಂತಾರೆ," ಎಂದರು.

"ನಾವು ಮಾಡಿದ್ರ ನಕಲು, ನೀವು ಮಾಡಿದ್ರ ಸಮನ್ವಯ. ಕಲ್ಲೂ ನಿಮಗ, ಗಾಳೀನೂ ನಿಮಗ. ಧೂಳಿಗೂ ಒಂದು ಹಕ್ಕು ಬರಕೊಂಡು ತಗೊಂಡು ಹೋಗ್ರೆಲ್ಲ ಮತ್ತ. ಅದ್ಯಾಕ ನಮಗೇ ಬಿಟ್ಟೀರಿ?"

ನಗೆ ಅಲ್ಲಿಗೇ ನಿಂತಿತು. ಯಾಕೆಂದರೆ ಕಾಯಿದೆ ಎಲ್ಲೆಲ್ಲೋ ನಕಲಾಗಿ ಬಂದದ್ದು, ಅದಕ್ಕೆ ನಮ್ಮೂರಿನಲ್ಲೂ ಭರ್ತಿ ಜೀವವಿತ್ತು. ಪೊಲೀಸರು ಮನೆಮನೆಗೆ ನುಗ್ಗಿ ಪೇಟಿಗಳನ್ನು ಹೊತ್ತು ತಂದರು. ನಾನು ಅಡ್ಡ ಬಿದ್ದೆ. ಪೇದೆ ಹಣಮಂತ, ನಮ್ಮೂರ ಅಳಿಯ, ಕಿವಿಯಲ್ಲಿ "ಮಾವಾ, ನೌಕರಿ ಐತಿ, ಬೈಬ್ಯಾಡ," ಎಂದು ಗೋಗರೆಯುತ್ತಲೇ ನನ್ನನ್ನು ಎತ್ತಿ ಪಕ್ಕಕ್ಕಿಟ್ಟ. ಚಿಗವ್ವನದನ್ನು ಮಾತ್ರ ಬಿಟ್ಟರು. ಅದು ವಾಮನಮೂರ್ತಿಯವರ ಕರುಣೆ. "ಈ ಒಂದು ಇವರ ಬಳಿ ಇರಲಿ, ಪಾರಂಪರಿಕ ವಸ್ತು ಅಂತ ಬರೆದುಕೊಳ್ಳಿ," ಎಂದು ಇಂಜಿನಿಯರನ ಜೊತೆ ವಾದ ಮಾಡಿ ಬಿಡಿಸಿಕೊಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, "ಒಂದೇ ಒಂದು ದಿನ ತಾಳಿಕೊಳ್ಳಿ. ನಾಳೆ ಬೆಳಿಗ್ಗೆ ಕಂಪನಿಯ ಅಸಲಿ ಯಂತ್ರಗಳು ಬರ್ತವೆ," ಎಂದರು.

ಒಂದನ್ನು ಬಿಡುವುದೂ ಒಂದನ್ನೂ ಬಿಡದಿರುವುದೂ ಇಲ್ಲಿ ಒಂದೇ ಎಂದು ಆ ಪುಣ್ಯಾತ್ಮನಿಗೆ ಹೇಗೆ ತಿಳಿಸುವುದು? ಅಕ್ಕನನ್ನು ಚಿಗವ್ವನ ಮನೆಗೆ ಹೊತ್ತುಕೊಂಡು ಹೋಗಿ ಕೊಳವೆ ಕೊಟ್ಟು ಪೆಡಲ್ ತುಳಿದೆ. ಸಾ, ಸಾ ಎನ್ನುತ್ತಿತ್ತು. ಪೇಟಿ ತುಂಬಿದ ಲಾರಿ ಅಗಸಿ ದಾಟಿ ಆಚೆ ಬಯಲಲ್ಲಿ ನಿಂತಿತು. ಸ್ವರ ನಡುವೆಯೇ ತುಂಡಾಯಿತು. ಪೆಡಲ್ ತಿರುಗುತ್ತಿತ್ತು, ತಿದಿ ಏಳುತ್ತಿತ್ತು, ಕೊಳವೆಯ ತುದಿಗೆ ಹಿಡಿದ ಹತ್ತಿಯ ಎಳೆ ಅಲುಗಲಿಲ್ಲ.

ಇನ್ನೊಂದು ಕಟ್ಟೋಣವೆಂದು ಅಲ್ಲೇ ಕುಳಿತೆ. ಚರ್ಮ ಕತ್ತರಿಸಿ ತಿದಿಯ ಮಡಿಕೆಗೆ ಅಂಟು ಹಚ್ಚುತ್ತಿದ್ದಾಗ ಹಣಮಂತ ಬಂದು, ಅಳುಮುಖ ಮಾಡಿಕೊಂಡು, ಅಂಟಿನ ಡಬ್ಬಿಯ ಸಮೇತ ಒಯ್ದ. ಅಕ್ಕ ಗೋಡೆಗೊರಗಿ ಕುಳಿತಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದು ಪದಕ್ಕೊಂದು ಉಸಿರು ಸಾಲುತ್ತಿರಲಿಲ್ಲ. ಚಿಗವ್ವ ಬೀಸಣಿಕೆ ಬೀಸಿದಳು, ಎದೆಗೆ ಬಿಸಿ ಎಣ್ಣೆ ತಿಕ್ಕಿದಳು. ನಾಳೆ ಬರುವ ಕಂಪನಿಯ ಯಂತ್ರಗಳ ಮೇಲೆ ನಮಗಾರಿಗೂ ಆಸೆಯಿರಲಿಲ್ಲ. ಅವು ಕಂಪನಿ ಕಂಡುಹಿಡಿದದ್ದು, ಕಂಪನಿಯೊಂದೇ ಮಾಡುವಂಥದ್ದು, ಅಗಸಿಯೊಳಗೆ ಬಂದದ್ದೇ ಟವೆಲ್ ಒಣಹಾಕಲು ಲಾಯಕ್ಕು. ನೋಡಿ, ಒಂದೇ ದಿನದಲ್ಲಿ ಆ ಪುಸ್ತಿಕೆ ನಮ್ಮ ತಲೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದು. ಪೇಟಿ ಕಂಪನಿಯದು ಎಂದು ಬರೆದದ್ದನ್ನು ಓದಿ, ಅದನ್ನು ಕಣ್ಣೆದುರು ಕಟ್ಟಿದ ಚಿಗವ್ವನ ಪಕ್ಕದಲ್ಲೇ ಕುಳಿತು, ನಾವು ನಂಬಿಬಿಟ್ಟಿದ್ದೆವು.

ಬೆಳಗಾಯಿತು. ಊರ ಹೊರಗೆ ಬ್ಯಾಂಡ್ ಬಾಜಾ ಕೇಳಿಸತೊಡಗಿತು, ಕಂಪನಿಯ ಟ್ರಕ್ಕಿಗೆ ಸ್ವಾಗತ. ನಾನು ಸತ್ತ ಪೇಟಿಯ ಪೆಡಲ್ ತುಳಿಯುತ್ತಲೇ ಇದ್ದೆ. ಕಾಲಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಕ್ಕನ ಕಣ್ಣು ಮುಚ್ಚಿತ್ತು. ಬ್ಯಾಂಡಿನ ಸದ್ದು ಅಗಸಿಯ ಕಮಾನಿಗೆ ಬಡಿದು ದೊಡ್ಡದಾಯಿತು, ಟ್ರಕ್ಕು ಒಳಗೆ ಬಂತೆಂದು ತಿಳಿಯಿತು, ಅಷ್ಟರಲ್ಲಿ ನನ್ನ ಕಾಲ ಕೆಳಗಿನಿಂದ,

"ಸಾ..."

ಹೆದರಿ ಪೆಡಲ್ ಬಿಟ್ಟೆ. ಚಿಗವ್ವ ಬೆನ್ನಿಗೆ ಗುದ್ದಿದಳು. "ತುಳಿಯೋ ಮುಠ್ಠಾಳ!"

ತುಳಿದೆ. ಸಾ. ಅಕ್ಕನ ಎದೆ ಏರಿತು, ಇಳಿಯಿತು. ಸಾ. ತುಟಿಯ ನೇರಳೆ ತಿಳಿಯಾಯಿತು. ಅಕ್ಕ ಒಂದು ಕಣ್ಣು ಬಿಟ್ಟಳು. ಮೊದಲು ನನ್ನನ್ನು, ಆಮೇಲೆ ಬ್ಯಾಂಡ್ ಕೇಳಿಸುವ ದಿಕ್ಕನ್ನು ನೋಡಿದಳು. ಆಮೇಲೆ ಆಕೆಯ ಹೊಟ್ಟೆ ಕುಲುಕತೊಡಗಿತು. ಸಾಯುತ್ತಿದ್ದಾಳೆಂದು ನಾನು ಕೂಗಿದೆ. ಸಾಯುತ್ತಿರಲಿಲ್ಲ, ನಗುತ್ತಿದ್ದಳು.

"ಚಿಗವ್ವಾ," ಎಂದಳು, "ನಿನ್ನ ಮರುಗೈ ಬಂತು."

ಚಿಗವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಬೆಲ್ಲ ಇಲ್ಲದ ಬಂದೈತಿ. ನಡೀರಿ, ಕೇಳೂಣು."

ಅಕ್ಕನನ್ನೂ ಪೇಟಿಯನ್ನೂ ಕೈಗಾಡಿಯ ಮೇಲಿಟ್ಟು, ನಾನು ಅದರ ಮೇಲೆಯೇ ಕುಳಿತು ತುಳಿಯುತ್ತ, ಓಣಿಯ ಮಂದಿ ನೂಕುತ್ತ, ಸಾ ಸಾ ಎಂದು ಹಾಡಿಸಿಕೊಂಡು ಚೌಕಕ್ಕೆ ಹೋದೆವು. ಇಂಥ ಮೆರವಣಿಗೆ ನಮ್ಮೂರು ಕಂಡಿರಲಿಲ್ಲ. ಬ್ಯಾಂಡಿನವರು ಯಾರ ಮುಂದೆ ಬಾರಿಸಬೇಕೆಂದು ತಿಳಿಯದೆ ನಮ್ಮ ಮುಂದೆ ಬಾರಿಸತೊಡಗಿದರು. ಚೌಕದ ವೇದಿಕೆಯ ಮೇಲೆ ಹಾಲಿನ ಬಿಳುಪಿನ ಯಂತ್ರ. ಅದಕ್ಕೆ ಕರೆಂಟು, ಹಸಿರು ದೀಪ, ಗಾಜಿನ ಕೊಳವೆ. ಧೂಳಿಗೆ ಕೆಮ್ಮಿ ಕೆಮ್ಮಿ ನೀಲಿಯಾಗಿದ್ದ ವಾಮನಮೂರ್ತಿಯವರೇ ಮುಖಕ್ಕೆ ಮುಸುಕು ಹಾಕಿಕೊಂಡು ಪ್ರಾತ್ಯಕ್ಷಿಕೆಗೆ ಕುಳಿತಿದ್ದರು. ಇಂಜಿನಿಯರ್ ಮೈಕಿನಲ್ಲಿ, "ನೋಡಿ, ನಿಮ್ಮೂರಲ್ಲೂ ನಡೀತಿದೆ!" ಎಂದು ಕುಣಿಯುತ್ತಿದ್ದ. ನಿಜಕ್ಕೂ ನಡೆಯುತ್ತಿತ್ತು. ಒಂದೊಂದು ಉಸಿರಿಗೂ ಆ ಬಿಳಿ ಯಂತ್ರ ಉದ್ದಕ್ಕೆ "ಸಾ" ಎನ್ನುತ್ತಿತ್ತು.

ಬ್ಯಾಂಡಿನವರು ಬಾಜಾ ಕೆಳಗಿಳಿಸಿದರು. ಈ ಕಡೆ ಸಾ. ಆ ಕಡೆ ಸಾ.

ಚಿಗವ್ವ ವೇದಿಕೆಯ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಪಾ ಇಂಜಿನಿಯರಾ, ಆ ದನಿ ಯಾಕ ಬರತೈತಿ ಅದರಾಗ?"

ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಅದು ನಮ್ಮ ಹಕ್ಕಿನಲ್ಲಿ ನೋಂದಾಯಿತವಾದ ಧ್ವನಿಸೂಚಕ. ಉಸಿರಿನ ಹರಿವು ಸರಿಯಾಗಿದೆ ಅಂತ ತಿಳಿಸುತ್ತೆ. ಬಹಳ ಸಂಶೋಧನೆ ಮಾಡಿ ಅಳವಡಿಸಿದ್ದು."

"ಸಂಶೋಧನಿ! ಅಪಾ, ಅದು ನಮ್ಮ ಮನಿಯವರು ಬಿಗಿದ ತಿರುಪು. ತುಕ್ಕು ಹಿಡದಿತ್ತು, ಬಿಚ್ಚಾಕ ಬರಲಿಲ್ಲ. ಅದಕ್ಕ ಉಳದೈತಿ. ಉಸಿರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಮ್ಮ ಭರಮಾ ಸೈತ ಅದನ್ನ ಬಿಟ್ಟು ಕಟ್ಟ್ಯಾನ. ನೀನು ತುಕ್ಕನ್ನೂ ಬಿಡಲಿಲ್ಲಲ್ಲೋ!"

ಜನ ನಕ್ಕ ನಗೆಗೆ ಪಾರಿವಾಳಗಳೆಲ್ಲ ಹಾರಿಹೋದವು. ಇಂಜಿನಿಯರ್ ಮೈಕು ಕೆಳಗಿಟ್ಟು ಕಿರುಚಿದ. "ಆ ಹಳೇ ಡಬ್ಬ ಇಲ್ಲಿ ಬಳಸೋ ಹಾಗಿಲ್ಲ! ಪೇದೆ, ಅದನ್ನ ಊರಾಚೆ ಒಯ್ಯಿರಿ, ಈಗಲೇ!"

ನಾನು ಪೇಟಿಯನ್ನು ತಬ್ಬಿಕೊಂಡೆ. ಅಕ್ಕ ನನ್ನ ಕೈ ಬಿಡಿಸಿದಳು. ತುಂಬ ಗಾಳಿ ಎಳೆದುಕೊಂಡು ಎದೆಯಲ್ಲಿ ಕಟ್ಟಿಟ್ಟುಕೊಂಡಳು. "ಒಯ್ಯಲಿ ಬಿಡು," ಎಂದಳು. "ನಾ ತಡಕೋತೀನಿ. ಸಾಹೇಬ್ರು ತಡಕೋತಾರೇನು ನೋಡೂಣು." ನನ್ನ ಅಕ್ಕ ತನ್ನ ಉಸಿರನ್ನೇ ಪಣಕ್ಕಿಟ್ಟಿದ್ದಳು, ಅದೂ ಒಂದೇ ಎದೆಯ ಗಾಳಿಯಷ್ಟು.

ಅಗಸಿ ಚೌಕಕ್ಕೆ ಕಾಣುವಷ್ಟೇ ದೂರ. ಹಣಮಂತ ಪೇಟಿಯನ್ನು ಸೈಕಲ್ಲಿಗೇರಿಸಿ ಒಂದೇ ಉಸಿರಿಗೆ ತುಳಿದ. ಕಮಾನು ದಾಟಿದ. ಬಿಳಿ ಯಂತ್ರದ ಹಸಿರು ದೀಪ ಆರಿತು. ಸಾ ಎಂಬುದು ಸ ಎಂಬಲ್ಲಿಗೇ ಮುರಿಯಿತು. ವಾಮನಮೂರ್ತಿಯವರ ಕಣ್ಣು ಮುಸುಕಿನ ಮೇಲೆ ಗುಡ್ಡೆಯಾಗಿ ಬಂದವು. ಒಂದು ಕೈ ಗಾಳಿಯಲ್ಲಿ ಆಡಿಸಿದರು. ಈ ಕಡೆ ಅಕ್ಕ ತುಟಿ ಬಿಗಿದು ಅವರನ್ನೇ ನೋಡುತ್ತಿದ್ದಳು.

"ತಗೊಂಡ್ ಬಾರೋ ಅಳಿಯಾ!" ಎಂದು ತುಳಸಕ್ಕ ಕೂಗಿದಳು.

ಹಣಮಂತ ಸೈಕಲ್ ತಿರುಗಿಸಿದ. ಕಮಾನಿನೊಳಗೆ ಬಂದ. ದೀಪ ಹತ್ತಿತು, ಸಾ. ವಾಮನಮೂರ್ತಿ ಗಾಳಿ ನುಂಗಿದರು. ಇಂಜಿನಿಯರನಿಗೆ ನಂಬಿಕೆ ಬರಲಿಲ್ಲ. "ಹೊರಗೆ ಒಯ್ಯಿ!" ಎಂದ. ದೀಪ ಆರಿತು. "ಒಳಗ ಬಾ!" ಎಂದು ಊರು ಕೂಗಿತು. ಹತ್ತಿತು. "ಹೊರಗೆ!" "ಒಳಗ!" ಹಣಮಂತ ಕಮಾನಿನ ಕೆಳಗೆ ಮುಂದಿನ ಗಾಲಿ ಆಚೆ, ಹಿಂದಿನ ಗಾಲಿ ಈಚೆ ನಿಲ್ಲಿಸಿ, "ನಾನು ಏನ್ ಮಾಡ್ಲಿ ಯಾರರ ಒಬ್ಬರು ಹೇಳ್ರ್ಯೋ!" ಎಂದು ಬೊಬ್ಬೆ ಹೊಡೆದ. ಮಕ್ಕಳು ದೀಪ ಹತ್ತಿದಾಗ ಕುಳಿತು, ಆರಿದಾಗ ಏಳುವ ಆಟವನ್ನೇ ಶುರುಮಾಡಿಬಿಟ್ಟಿದ್ದವು.

ಆಟ ನಿಲ್ಲಿಸಿದ್ದು ವಾಮನಮೂರ್ತಿ. ಮುಸುಕು ಕಿತ್ತು, ಇಂಜಿನಿಯರನ ಕಾಲರ್ ಹಿಡಿದು, "ಒಳಗೆ! ಒಳಗೆ ತರಿಸಯ್ಯಾ!" ಎಂದು ಕಿರುಚಿದರು. ಹಣಮಂತ ಹಾರಿಬಂದ. ಪೇಟಿ ಇಳಿಸಿದ್ದೇ ನಾನು ತುಳಿದೆ. ಅಕ್ಕ ಕಟ್ಟಿಟ್ಟ ಉಸಿರು ಬಿಟ್ಟಳು, ಕಣ್ಣಲ್ಲಿ ನೀರು ಬಂತು, ಎಳೆದುಕೊಂಡಳು. ಅದೇ ಗಳಿಗೆಗೆ ಮೇಲೆ ವೇದಿಕೆಯಲ್ಲಿ ವಾಮನಮೂರ್ತಿ ಮುಸುಕನ್ನು ಮತ್ತೆ ಮುಖಕ್ಕೊತ್ತಿ ಎಳೆದುಕೊಂಡರು. ಒಂದೇ ಸ್ವರಕ್ಕೆ ಇಬ್ಬರ ಎದೆ ಏರಿ ಇಳಿಯುತ್ತಿತ್ತು. ಜನ ನಗುವುದನ್ನು ನಿಲ್ಲಿಸಿ ಅದನ್ನೇ ನೋಡಿದರು.

ವಾಮನಮೂರ್ತಿ ಮುಸುಕು ಸರಿಸಿ ಮೆಲ್ಲಗೆ ಕೇಳಿದರು. "ಇದು... ಆ ಪೇಟಿ ಇದ್ದರೆ ಮಾತ್ರ ನಡೆಯುತ್ತಾ?"

"ಎರಡಿದ್ರ ಎರಡೂ ನಡೀತಾವ್ರೀ," ಎಂದೆ ನಾನು. "ಆದ್ರ ಎರಡನೇದು ಮೊದಲನೇದನ್ನ ನೋಡಿ ಹುಟ್ಟಿರಬೇಕು. ಇಲ್ಲಾಂದ್ರ ನಡ್ಯಾಂಗಿಲ್ಲ."

ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದ ಮೇಲೆ ಕಂಡಿತು. ನಡೆಯುವ ಯಂತ್ರವೇ ಸಾಕ್ಷಿ ಹೇಳುತ್ತಿತ್ತು, ನಿಲ್ಲಿಸಿದರೆ ನಿಲ್ಲುವುದು ತಮ್ಮದೇ ಉಸಿರು. ತಲೆತಗ್ಗಿಸಿ ಕುಳಿತರು. "ಈಗ ನಾನೇನು ಮಾಡಬೇಕು ತಾಯಿ?"

ಚಿಗವ್ವ ಉತ್ತರ ಕೊಡಲು ಒಂದು ಕ್ಷಣವೂ ತಡೆಯಲಿಲ್ಲ. "ಬೆಲ್ಲ ತರ್ತೀನಿ ಅಂದಿದ್ರಿ."

ಅಂಗಡಿ ಎದುರಿಗೇ ಇತ್ತು. ವಾಮನಮೂರ್ತಿ ತಾವೇ ಇಳಿದು ಹೋದರು, ಕೆಮ್ಮುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ. ಜನ ಬದಿಗೆ ಸರಿದು ದಾರಿ ಬಿಟ್ಟರು, ಒಬ್ಬರು ಟೋಪಿಯಿಂದ ಗಾಳಿ ಬೀಸಿದರು. ಚುರುಮುರಿ ಹಾಕಿಸಿಕೊಳ್ಳಲು ಸೆರಗಿರಲಿಲ್ಲ, ಕೋಟು ಬಿಚ್ಚಿ ಒಡ್ಡಿದರು. ಮರಳಿ ಬಂದು ಚಿಗವ್ವನ ಮುಂದೆ ನಿಂತರು. ಹೊಸ್ತಿಲು ಬೇಕಲ್ಲ ಎಂದು ಯಾರೋ ಅಂದಾಗ ಹಣಮಂತ ತನ್ನ ಲಾಠಿಯನ್ನು ನೆಲಕ್ಕೆ ಅಡ್ಡ ಇಟ್ಟ. ಹೇಳಬೇಕಾದ ಮಾತನ್ನು ತುಳಸಕ್ಕ ಹೇಳಿಕೊಟ್ಟಳು, "ನಿನ್ನ ಕೈಯೇ ನನ್ನ ಕೈ."

"ಸರ್, ಹೇಳಬೇಡಿ," ಎಂದು ಇಂಜಿನಿಯರ್ ಓಡಿಬಂದ. "ಇಷ್ಟು ಜನರ ಎದುರು ಆ ಮಾತು ಹೇಳಿದರೆ ಅದು ತಪ್ಪೊಪ್ಪಿಗೆ ಆಗುತ್ತೆ. ಹಕ್ಕೇ ಬಿದ್ದುಹೋಗುತ್ತೆ. ನಾಳೆ ಎಲ್ಲರೂ ಮಾಡ್ತಾರೆ!"

ವಾಮನಮೂರ್ತಿಯವರಿಗೆ ಮಾತಿಗಿಂತ ಮೊದಲು ಕೆಮ್ಮು ಬಂತು. ಕೋಟಿನಿಂದ ಚುರುಮುರಿ ಸಣ್ಣಗೆ ಸೋರುತ್ತಿತ್ತು. ಅವರ ನೋಟ ಚಿಗವ್ವನನ್ನು ದಾಟಿ ಕೈಗಾಡಿಯ ಮೇಲಿದ್ದ ಅಕ್ಕನ ಕಡೆ ಹೋಯಿತು. ಅಕ್ಕ ಮೂಗಿನಿಂದ ಕೊಳವೆ ತೆಗೆದಳು. ಅದನ್ನು ಸೆರಗಿನ ತುದಿಯಲ್ಲಿ ಒರೆಸಿ ಅವರ ಕಡೆ ಚಾಚಿದಳು.

"ತಗೋರಿ," ಎಂದಳು. "ಆ ಮಾತಿಗೆ ಒಂದು ಪೂರಾ ಉಸಿರು ಬೇಕಾಗತೈತಿ. ಏ ಭರಮಾ, ನಿಂತ್ಯಾಕ? ತುಳಿ."

ತುಳಿದೆ. ಮೊದಲು ಸಾ ಎಂದು ಪೇಟಿ ಹಾಡಿತು, ಆಮೇಲೆ ಸಾಹೇಬರು ಬಾಯಿಬಿಟ್ಟರು. ಅವರ ಮಾತು ಅಗಸಿಯ ಆಚೆ ಪೇಟಿಗಳ ಲಾರಿಯ ಪಕ್ಕ ಬೀಡಿ ಸೇದುತ್ತಿದ್ದ ಡ್ರೈವರನಿಗೂ ಕೇಳಿಸಿರಬೇಕು. ಆತ ಬೀಡಿ ಬಿಸಾಕಿ, ಯಾರೂ ಹೇಳದೆಯೇ, ಲಾರಿಯನ್ನು ಊರ ಕಡೆ ತಿರುಗಿಸುತ್ತಿದ್ದ.